ಕೆಮ್ಮಣ್ಣಿನ ಕಥೆ

ಹಬ್ಬ ಹತ್ತಿರ ಬಂದಿತೆಂದರೆ ಹಿಂದೆ ನಮ್ಮ ಮನೆಗಳ ಹಿತ್ತಲಲ್ಲಿ ಎರಡು ಗಡಿಗೆಗಳು ಜೊತೆಯಾಗಿ ಕಾಣಿಸಿಕೊಳ್ಳುತ್ತಿದ್ದುವು. ಒಂದರಲ್ಲಿ ಸುಣ್ಣ, ಇನ್ನೊಂದರಲ್ಲಿ ಕೆಮ್ಮಣ್ಣು. ಗೋಡೆಗೆ ಸುಣ್ಣ ಬಳಿದು ಮುಗಿದ ಮೇಲೆ ಅದರ ಬುಡದಲ್ಲಿ ಗೇಣಗಲದ ಕೆಮ್ಮಣ್ಣಿನ ಪಟ್ಟೆ ಎಳೆಯಬೇಕು. ಹೊಸಿಲಿಗೆ, ತುಳಸಿಯ ಕಟ್ಟೆಗೆ, ಜಗುಲಿಯ ಅಂಚಿಗೆ ಕಾರಣೆ ಬರೆಯಬೇಕು. ಅಂಗಳದ ಬಿಳಿಯ ರಂಗವಲ್ಲಿಗೆ ಕೆಮ್ಮಣ್ಣಿನ ಚೌಕಟ್ಟು ಕೂಡಬೇಕು. ಇಷ್ಟಾಗದೆ ಮನೆಗೆ ಹಬ್ಬದ ಕಳೆ ಬಂದಿತೆಂದು ಮನೆಯ ಹಿರಿಯ ಹೆಂಗಸರು ಒಪ್ಪುತ್ತಿರಲಿಲ್ಲ. ಅದೇ ದಿನ ಬೀದಿಯ ಕೊನೆಯ ಮಠದಲ್ಲಿ ಸಂನ್ಯಾಸಿಯೊಬ್ಬರು ತಮ್ಮ ವಸ್ತ್ರವನ್ನು ಕಾವಿಯ ನೀರಿನಲ್ಲಿ ಅದ್ದಿ ಒಣಹಾಕುತ್ತಿದ್ದಿರಬಹುದು. ಗೃಹಿಣಿಯ ಗಡಿಗೆಯಲ್ಲಿದ್ದುದೂ ಯತಿಯ ಪಾತ್ರೆಯಲ್ಲಿದ್ದುದೂ ಒಂದೇ ಮಣ್ಣು.

ಮಂಗಳಕಾರ್ಯದ ಹೊಸಿಲಿಗೂ ಸಂಸಾರವನ್ನು ಬಿಟ್ಟವರ ಬಟ್ಟೆಗೂ ಒಂದೇ ಬಣ್ಣ ಒಗ್ಗಿದ್ದು ಹೇಗೆ? ನಾವು ಅಷ್ಟಾಗಿ ಯೋಚಿಸದ ಪ್ರಶ್ನೆ ಇದು. ಉತ್ತರ ಹುಡುಕಹೊರಟರೆ ಆ ಮಣ್ಣಿನ ಚರಿತ್ರೆಯನ್ನೇ ಕೆದಕಬೇಕಾಗುತ್ತದೆ. ಹಾಗೆ ಕೆದಕುವುದಕ್ಕೆ ಈಗ ಬೇರೊಂದು ಕಾರಣವೂ ಒದಗಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಹೆಸರುಗಳನ್ನು ನೋಡೋಣ. ನೆಲದಲ್ಲಿ ಸಿಕ್ಕಿದಂತೆಯೇ ಕರೆದರೆ ಕೆಮ್ಮಣ್ಣು. ಬಣ್ಣವಾಗಿ ಬಳಸುವಾಗ ಜಾಜು, ಕಾವಿ. ಕಾವಿ ಎಂಬ ಮಾತು ತಮಿಳು ತೆಲುಗುಗಳಲ್ಲಿಯೂ ಇರುವುದರಿಂದ ದ್ರಾವಿಡ ಭಾಷೆಗಳ ಹಳೆಯ ಸೊತ್ತೆಂದೇ ಹೇಳಬೇಕು. ಸಂಸ್ಕೃತದಲ್ಲಿ ಇದು ಗೈರಿಕ, ಎಂದರೆ ಗಿರಿಯಲ್ಲಿ ಹುಟ್ಟಿದ್ದು. ಹಿಂದಿಯ ಗೇರೂ ಎಂಬುದು ಅದರ ತದ್ಭವ. ಕರಾವಳಿಯ ಗಾರೆ ಕೆಲಸದವರ ಬಾಯಲ್ಲಿ ಇದಕ್ಕೆ ಇನ್ನೊಂದು ಹೆಸರುಂಟು: ಹುರ್ಮುಂಜಿ, ಅಥವಾ ಉರ್ಮುಂಜಿ. ಈ ಕೊನೆಯ ಹೆಸರು ಕಡಲು ದಾಟಿ ಬಂದದ್ದು. ಅದರ ಸಂಗತಿಯನ್ನು ಮುಂದೆ ನೋಡಬಹುದು.

ಹೆಸರು ಯಾವುದಾದರೂ ವಸ್ತು ಒಂದೇ: ಕಬ್ಬಿಣದ ತುಕ್ಕು. ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಕೂಡಿ ಆದ ಈ ಖನಿಜಕ್ಕೆ ಹೆಮಟೈಟ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ರಕ್ತಕ್ಕಿರುವ ಮಾತಿನಿಂದ ಬಂದದ್ದು. ಸಂಡೂರಿನ ಬೆಟ್ಟಗಳಲ್ಲಿ ಅಗೆಯುವ ಅದಿರು ಇದೇ. ಇದೇ ಪದಾರ್ಥ ಜೇಡಿಯೊಡನೆ ಬೆರೆತು ಮೆತ್ತಗಿದ್ದರೆ ಕೆಮ್ಮಣ್ಣು. ಅದರಲ್ಲಿ ನೀರಿನಂಶವೂ ಸೇರಿಕೊಂಡಿದ್ದರೆ ಬಣ್ಣ ಹಳದಿಯಾಗುತ್ತದೆ. ಆ ಹಳದಿಯ ಮಣ್ಣನ್ನು ಸುಮಾರು 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಸಿದರೆ ನೀರು ಹೊರಟುಹೋಗಿ ಕೆಂಪು ಉಳಿಯುತ್ತದೆ. ಒಲೆಯ ಬೂದಿಯಲ್ಲಿ ಹಳದಿಯ ಹೆಂಟೆಯೊಂದು ಕೆಂಪಾದುದನ್ನು ಕಂಡ ಆದಿಮಾನವನೇ ಈ ಸಂಗತಿಯನ್ನು ಕಲಿತಿದ್ದಿರಬೇಕು. ಇಟ್ಟಿಗೆ, ಹೆಂಚು, ಮಡಕೆಗಳು ಆವಿಗೆಯಲ್ಲಿ ಕೆಂಪಾಗುವುದಕ್ಕೂ ಮಣ್ಣಿನೊಳಗಿನ ಕಬ್ಬಿಣವೇ ಕಾರಣ.

ಈ ಬಣ್ಣದ ದೊಡ್ಡ ಗುಣವೆಂದರೆ ಅದರ ಬಾಳಿಕೆ. ಹೂವು ತೊಗಟೆಗಳಿಂದ ತೆಗೆದ ಕೆಂಪು ಬಿಸಿಲಿಗೆ ಮಾಸುತ್ತದೆ. ಪಾದರಸದ ಅದಿರಾದ ಇಂಗಲೀಕ ಬಹಳ ಬೆಲೆಯುಳ್ಳದ್ದು, ಕಣ್ಣು ಕೋರೈಸುವಂಥದು. ಅದೂ ಬೆಳಕಿಗೆ ಒಡ್ಡಿಕೊಂಡರೆ ಕ್ರಮೇಣ ಕಪ್ಪಿಡುತ್ತದೆ. ಕೆಮ್ಮಣ್ಣಿಗೆ ಆ ಭಯವಿಲ್ಲ. ಅದು ಮೊದಲೇ ತುಕ್ಕು; ಬಿಸಿಲೂ ಗಾಳಿಯೂ ಮಾಡಬಹುದಾದುದನ್ನೆಲ್ಲ ಆಗಲೇ ಮಾಡಿ ಮುಗಿಸಿವೆ. ಎಲ್ಲಕ್ಕಿಂತ ಅಗ್ಗವಾದದ್ದು ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿತು ಎಂಬುದು ಬಣ್ಣಗಳ ಚರಿತ್ರೆಯ ಒಂದು ಸೋಜಿಗ.

ಎಷ್ಟು ಕಾಲ ಎಂದರೆ ಲಕ್ಷ ವರ್ಷ. ದಕ್ಷಿಣ ಆಫ್ರಿಕದ ಕಡಲತೀರದ ಬ್ಲಾಂಬೋಸ್ ಗುಹೆಯಲ್ಲಿ ದೊಡ್ಡ ಚಿಪ್ಪುಗಳ ಒಳಗೆ ಅರೆದ ಕೆಮ್ಮಣ್ಣೂ ಅರೆಯುವ ಕಲ್ಲುಗಳೂ ಒಟ್ಟಿಗೆ ದೊರೆತುವು. ಅವು ಸುಮಾರು 1,00,000 ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾಯಿತು. ಅದೇ ಗುಹೆಯ ಒಂದು ಕಲ್ಲುಚಕ್ಕೆಯ ಮೇಲೆ ಜಾಜಿನ ಕಡ್ಡಿಯಿಂದ ಎಳೆದ ಅಡ್ಡಗೆರೆಗಳಿವೆ. 73,000 ವರ್ಷಗಳ ಹಿಂದಿನ ಆ ಗೆರೆಗಳನ್ನು ಮನುಷ್ಯ ಬರೆದ ಅತಿ ಪ್ರಾಚೀನ ರೇಖಾಚಿತ್ರಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಮನುಷ್ಯನಿಗೆ ಬೇಸಾಯ ತಿಳಿಯುವ ಮೊದಲೇ ಕೆಮ್ಮಣ್ಣು ಅರೆಯುವುದು ತಿಳಿದಿತ್ತು.

ನಮ್ಮ ನಾಡಿನಲ್ಲಿ ಇದನ್ನು ನೋಡಬೇಕೆಂದರೆ ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿಗೆ ಹೋಗಬೇಕು. ಬೆಟ್ಟದ ಮೇಲೆ ನೂರಾರು ಶಿಲಾಗೋರಿಗಳು ಊರಿನಂತೆ ಹರಡಿಕೊಂಡಿವೆ. ಅಲ್ಲಿಯ ಬಂಡೆಗಳ ಮರೆಯಲ್ಲಿ ಮನುಷ್ಯರು, ಜಿಂಕೆಗಳು, ಕುದುರೆಗಳು ಕೆಮ್ಮಣ್ಣಿನಲ್ಲಿ ಮೂಡಿನಿಂತಿವೆ. ಬರೆದವರ ಭಾಷೆ ಯಾವುದೆಂದು ತಿಳಿಯದು; ಅವರ ಬಣ್ಣ ಮಾತ್ರ ಇನ್ನೂ ಹಾಗೆಯೇ ಇದೆ. ಚಿತ್ರದುರ್ಗದ ಕಡೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಯಿಸಿದಾಗ ಶಿಲಾಗೋರಿಗಳ ಕಾಲದ ಕಪ್ಪು-ಕೆಂಪು ಮಡಕೆಗಳು ಹೊರಬಂದುವು. ಬೋರಲಾಗಿಟ್ಟು ಸುಟ್ಟುದರಿಂದ ಗಾಳಿ ತಾಕದ ಒಳಮೈಯೂ ಬಾಯಿಯೂ ಕಪ್ಪಾಗಿ, ಗಾಳಿಯಾಡಿದ ಹೊರಮೈ ಕೆಂಪಾಯಿತೆಂದು ತಜ್ಞರು ವಿವರಿಸುತ್ತಾರೆ. ಅದರ ಮೇಲಿನ ಪದರದಲ್ಲಿ, ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ಸೇರಿದ ಬೇರೊಂದು ಬಗೆಯ ಮಡಕೆ ಸಿಕ್ಕಿತು: ಕಾವಿಯ ಲೇಪ, ಅದರಲ್ಲಿ ಬಿಳಿಯ ಗೆರೆಗಳ ಚಿತ್ತಾರ. ಕೆಂಪಿನ ನೆಲ, ಬಿಳಿಯ ಗೆರೆ. ಈ ಜೋಡಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಕಾವ್ಯಶಾಸ್ತ್ರಗಳ ಕಾಲಕ್ಕೆ ಬಂದರೆ ಗೈರಿಕಕ್ಕೆ ಅಲ್ಲಿಯೂ ಗೌರವದ ಸ್ಥಾನವಿದೆ. ಕಾಳಿದಾಸನ ಮೇಘದೂತದ ಯಕ್ಷ, ದೂರವಿರುವ ಹೆಂಡತಿಯ ಚಿತ್ರವನ್ನು ಬಂಡೆಯ ಮೇಲೆ ಬರೆದುಕೊಳ್ಳುವುದು ಬೆಟ್ಟದ ಧಾತುವಿನ ಬಣ್ಣದಲ್ಲಿಯೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕಲೆಗೆ ಮೀಸಲಾದ ಭಾಗವಿದೆ. ಅಲ್ಲಿ ಇಂಗಲೀಕ, ಅರಗು, ಗೈರಿಕ ಇವನ್ನು ಬೇರೆ ಬೇರೆ ಕೆಂಪುಗಳೆಂದು ವಿಂಗಡಿಸಿ ಹೇಳಿದೆ. ಅಜಂತೆಯ ಭಿತ್ತಿಗಳಲ್ಲಿ ಮೈಬಣ್ಣಕ್ಕೂ ಹೊರರೇಖೆಗೂ ಬಳಸಿದ್ದು ಹೆಚ್ಚಾಗಿ ಈ ಮಣ್ಣಿನ ಕೆಂಪು ಹಳದಿಗಳನ್ನೇ. ಲೇಪಾಕ್ಷಿಯ ಮೇಲ್ಛಾವಣಿಯಲ್ಲಿ ವಿಜಯನಗರದ ಚಿತ್ರಕಾರರು ಹಿನ್ನೆಲೆಗೆಲ್ಲ ಕಾವಿಯನ್ನು ಹರಡಿ ಅದರ ಮೇಲೆ ರಾಜಪರಿವಾರವನ್ನು ನಿಲ್ಲಿಸಿದ್ದಾರೆ.

ಇನ್ನು ಯತಿಗಳ ಬಟ್ಟೆಯ ವಿಚಾರ. ಇದರ ಹಳೆಯ ಹೆಸರು ಕಾಷಾಯ. ಕಷಾಯವೆಂದರೆ ನಮಗೆ ತಿಳಿದಿರುವಂತೆ ಬೇರು ತೊಗಟೆಗಳನ್ನು ಕುದಿಸಿ ಇಳಿಸಿದ ರಸ. ಬೌದ್ಧಭಿಕ್ಷುಗಳು ಬೀದಿಯಲ್ಲಿ ಬಿದ್ದ ಚಿಂದಿಗಳನ್ನು ಕೂಡಿಸಿ ಹೊಲಿದು, ಅಂಥ ರಸದಲ್ಲಿ ಅದ್ದಿ ಉಡುತ್ತಿದ್ದರು. ಬೇರು, ಕಾಂಡ, ತೊಗಟೆ, ಎಲೆ, ಹೂ, ಹಣ್ಣು ಎಂಬ ಆರು ಬಗೆಯ ಬಣ್ಣಗಳಿಗೆ ಅವರ ವಿನಯಪಿಟಕ ಅನುಮತಿ ಕೊಟ್ಟಿದೆ. ಹಲವು ಬಣ್ಣದ ಚಿಂದಿಗಳು ಒಂದೇ ಮಂಕುಗೆಂಪಿಗೆ ಬಂದರೆ ಅವುಗಳಿಗೆ ಬೆಲೆಯೂ ಇಲ್ಲ, ಕುಲಗೋತ್ರವೂ ಇಲ್ಲ. ಕಷಾಯವೆಂಬ ಮಾತಿಗೆ ಮನಸ್ಸಿನ ಕೊಳೆ ಎಂಬ ಅರ್ಥವೂ ಇರುವುದನ್ನು ಬಳಸಿಕೊಂಡು, ಹೊರಗಿನ ಬಣ್ಣವೊಂದನ್ನೇ ನೆಚ್ಚಿದವರನ್ನು ಧಮ್ಮಪದವು ಅಂದೇ ಎಚ್ಚರಿಸಿದೆ. ವೈದಿಕ ಸಂನ್ಯಾಸಿಗಳಲ್ಲಿ ತೊಗಟೆಯ ರಸದ ಜೊತೆಗೆ ಕಾವಿಕಲ್ಲೂ ಬಳಕೆಗೆ ಬಂದು, ಕಾವಿ ಉಟ್ಟರು ಎಂದರೆ ಸಂನ್ಯಾಸ ಪಡೆದರು ಎಂದೇ ಕನ್ನಡದಲ್ಲಿ ಅರ್ಥವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈಚೆಗೆ ಕಾವಿ, ಕೇಸರಿ ಎರಡನ್ನೂ ಒಂದೇ ಎಂಬಂತೆ ಬಳಸುವುದು ರೂಢಿಯಾಗಿದೆ. ಆದರೆ ಕೇಸರಿ ಹೂವಿನದು, ತೊಲದ ಲೆಕ್ಕದಲ್ಲಿ ಮಾರುವಂಥದು. ಕಾವಿ ಮಣ್ಣಿನದು, ಬುಟ್ಟಿಯಲ್ಲಿ ಹೊತ್ತು ತರುವಂಥದು. ಕೇಸರಿ ಹೊಳೆಯುತ್ತದೆ, ಕಾವಿ ಹೊಳೆಯುವುದಿಲ್ಲ. ಸರ್ವಸ್ವವನ್ನೂ ಬಿಟ್ಟವರು ಆರಿಸಿಕೊಂಡದ್ದು ಯಾರೂ ಕದಿಯಲು ಬಯಸದ ಬಣ್ಣವನ್ನು. ಅದೂ ಅಲ್ಲದೆ ಕಾವಿ ಬಟ್ಟೆಯ ನೂಲಿಗೆ ಕಚ್ಚಿಕೊಳ್ಳುವ ಬಣ್ಣವಲ್ಲ. ಒಗೆದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹೋಗುತ್ತದೆ, ಮತ್ತೆ ಮತ್ತೆ ಅದ್ದಬೇಕಾಗುತ್ತದೆ. ಅದೇ ಮಣ್ಣನ್ನು ಹಸಿ ಸುಣ್ಣದಲ್ಲಿ ಕೂಡಿಸಿ ಗೋಡೆಗೆ ಕೊಟ್ಟರೆ ತಲೆಮಾರುಗಳು ಕಳೆದರೂ ಅಲುಗದು. ಹೀಗೆ ಯತಿಯ ಮೈಮೇಲೆ ಅದು ಅನಿತ್ಯ, ಗೃಹಸ್ಥನ ಗೋಡೆಯ ಮೇಲೆ ನಿತ್ಯ. ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಮಂಗಳಕ್ಕೊಂದು ವೈರಾಗ್ಯಕ್ಕೊಂದು ಎಂದು ಯಾರೂ ಬೇರೆ ಅರ್ಥ ಹಚ್ಚಿ ಹಂಚಿಕೊಟ್ಟದ್ದಲ್ಲ. ಎಲ್ಲರ ಕಾಲಡಿಯಲ್ಲಿಯೂ ಇದ್ದುದರಿಂದ ಎಲ್ಲರಿಗೂ ಅದರಲ್ಲಿ ಪಾಲಿತ್ತು.

ಗೃಹಸ್ಥರ ಗೋಡೆಯ ಮಾತು ಬಂದಾಗ ಮಲೆನಾಡಿನ ದೀವರ ಮನೆಗಳನ್ನು ನೆನೆಯದಿರಲಾಗದು. ಸಾಗರ, ಸೊರಬದ ಕಡೆ ಮದುವೆಯ ಮನೆಯಲ್ಲಿ ಹಸೆಗೋಡೆಯ ಮೇಲೆ ಹೆಂಗಸರು ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣೇ ನೆಲ. ಅಕ್ಕಿಯನ್ನು ನೆನೆಸಿ ಅರೆದ ಹಿಟ್ಟು ಬಿಳಿಗೆ, ಹುರಿದು ಕರಿದಾಗಿಸಿದ ಅಕ್ಕಿ ಕಪ್ಪಿಗೆ, ಗುರಿಗೆಯ ಕಾಯಿ ಹಳದಿಗೆ. ಕುಂಚವೆಂದರೆ ಪುಂಡಿಯ ನಾರು. ಕೂದಲೆಳೆಯಂಥ ಬಿಳಿಗೆರೆಗಳು ಆ ಕೆಂಪಿನ ಮೇಲೆ ಒಂದರ ಪಕ್ಕದಲ್ಲೊಂದು ಓಡಿ ಹಸೆಮಣೆಗೆ ಪ್ರಭಾವಳಿ ಕಟ್ಟುತ್ತವೆ. ಭೂಮಿ ಹುಣ್ಣಿಮೆಯಲ್ಲಿ ಬಸುರಿ ಭೂತಾಯಿಗೆ ಬಯಕೆಯ ಅಡಿಗೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಇದೇ ಕೆಮ್ಮಣ್ಣು, ಇದೇ ಬಿಳಿಯ ಗೆರೆ. ಬ್ರಹ್ಮಗಿರಿಯ ಮಡಕೆ ಬರೆದವರಿಗೂ ಈ ತಾಯಂದಿರಿಗೂ ಸಂಬಂಧ ಕಲ್ಪಿಸುವಷ್ಟು ಧೈರ್ಯ ನನಗಿಲ್ಲ. ಒಂದೇ ನಾಡಿನ ಮಣ್ಣು ಬೇರೆ ಬೇರೆ ಕಾಲದ ಕೈಗಳಿಗೆ ಒಂದೇ ಜೋಡಿಯನ್ನು ಕಲಿಸಿತೆಂದರೆ ಸಾಕು.

ಘಟ್ಟ ಇಳಿದು ಕರಾವಳಿಗೆ ಬಂದರೆ ಕೆಮ್ಮಣ್ಣಿನ ಕಲೆ ಇನ್ನೊಂದು ರೂಪ ತಾಳುತ್ತದೆ. ಗೋವೆಯಿಂದ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳದವರೆಗೂ ಹರಡಿದ್ದ ಇದಕ್ಕೆ ಕಾವಿ ಕಲೆ ಎಂದೇ ಹೆಸರು. ಆ ನಾಡಿನ ಕಲ್ಲು ಜಂಬಿಟ್ಟಿಗೆ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಮೈತುಂಬ ತೂತುಗಳಿರುವ ಈ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ನಾಮವನ್ನಿಟ್ಟವನು, 1800-01ರಲ್ಲಿ ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್. ಅದರಲ್ಲಿ ಬೇಲೂರಿನಂಥ ನವುರಾದ ಶಿಲ್ಪ ಕಡೆಯುವುದು ಆಗದ ಮಾತು. ಆದರೆ ಕಡಲು ಚಿಪ್ಪಿನ ಸುಣ್ಣವನ್ನು ಬೇಕಾದಷ್ಟು ಕೊಟ್ಟಿತ್ತು. ಕಲ್ಲಿನಲ್ಲಿ ಆಗದ್ದನ್ನು ಅಲ್ಲಿಯ ಕುಶಲಿಗಳು ಗಾರೆಯಲ್ಲಿ ಸಾಧಿಸಿದರು.

ಅದರ ವಿಧಾನ ಹೀಗೆ. ಸುಣ್ಣಕ್ಕೆ ತೊಳೆದ ಮರಳನ್ನೂ ಬೆಲ್ಲದ ನೀರನ್ನೂ ಕೂಡಿಸಿ ಕೆಲವು ದಿನ ಕಳಿಯಲು ಬಿಟ್ಟು, ಚೆನ್ನಾಗಿ ಅರೆದು ಗೋಡೆಗೆ ಬಿಳಿಯ ಗಾರೆ ಹಾಕುವುದು. ಅದು ಹಸಿಯಿರುವಾಗಲೇ ಹುರ್ಮುಂಜಿ ಬೆರೆಸಿದ ಸುಣ್ಣದ ತೆಳುಪದರವನ್ನು ಅದರ ಮೇಲೆ ಎಳೆದು ನುಣ್ಣಗೆ ಉಜ್ಜುವುದು. ಆಮೇಲೆ ಕೈವಾರದಿಂದ ವೃತ್ತಗಳನ್ನೂ ಉಕ್ಕಿನ ಮೊನೆಯಿಂದ ರೂಪಗಳನ್ನೂ ಗುರುತಿಸಿ, ಬೇಡವಾದ ಕಡೆಯಲ್ಲೆಲ್ಲ ಕೆಂಪನ್ನು ಕೆರೆದು ತೆಗೆಯುವುದು. ಕೆರೆದಲ್ಲಿ ಅಡಿಯ ಬಿಳುಪು ಕಾಣುತ್ತದೆ, ಬಿಟ್ಟಲ್ಲಿ ಕಾವಿ ನಿಲ್ಲುತ್ತದೆ. ಇಲ್ಲಿ ಕುಂಚಕ್ಕೆ ಕೆಲಸವಿಲ್ಲ, ತಪ್ಪಿದರೆ ತಿದ್ದಲು ಅವಕಾಶವಿಲ್ಲ. ಗಾರೆ ಒಣಗುವಷ್ಟರಲ್ಲಿ ಆ ದಿನದ ಪಾಲು ಮುಗಿಯಬೇಕು. ಸುಣ್ಣ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವಾಗ ಕಾವಿಯೂ ಅದರೊಳಗೆ ಸೆರೆಯಾಗುತ್ತದೆ. ಕರಾವಳಿಯ ಮಳೆಯನ್ನು ಆ ಚಿತ್ರಗಳು ತಾಳಿಕೊಂಡದ್ದರ ಗುಟ್ಟು ಇದು. ಇಟಲಿಯಲ್ಲಿ ಸ್ಗ್ರಾಫಿಟೊ ಎಂದು ಹೆಸರಾದ ವಿಧಾನವೂ ಇದರ ದಾಯಾದಿಯೇ. ಗಣಪತಿ, ಕೃಷ್ಣ, ರಾಮಾಯಣದ ಪ್ರಸಂಗಗಳು, ಆನೆ, ನವಿಲು, ಬಳ್ಳಿ, ತಾವರೆ ಎಲ್ಲವೂ ಕೆಂಪು ಬಿಳಿ ಎರಡರಲ್ಲೇ ದೇವಾಲಯಗಳ ಗೋಡೆ ತುಂಬಿದುವು.

ಈಗ ಹುರ್ಮುಂಜಿಯ ವಿಚಾರ. ಪರ್ಶಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ದ್ವೀಪದ ಹೆಸರೇ ಇದರಲ್ಲಿ ಅಡಗಿದೆ; ಹಿಂದಿಯಲ್ಲಿ ಇದು ಹಿರಮಜಿ. ಆ ದ್ವೀಪದಲ್ಲಿ ಉಪ್ಪಿನ ಗುಡ್ಡಗಳೂ ಕೆಂಪು ಮಣ್ಣೂ ಧಾರಾಳ. ಕುಡಿಯುವ ನೀರಿಗೆ ಮಾತ್ರ ತತ್ವಾರ. ಅಲ್ಲಿಯ ಜನ ಆ ಮಣ್ಣನ್ನು ಮೀನಿನ ಗೊಜ್ಜಿಗೂ ಹಾಕುವುದುಂಟು. ವಿಜಯನಗರದ ಅಶ್ವಸೈನ್ಯಕ್ಕೆ ಬೇಕಾದ ಕುದುರೆಗಳು ಹೊರ್ಮುಜಿನಿಂದ ಹಡಗೇರಿ ಹೊನ್ನಾವರ, ಭಟ್ಕಳ, ಗೋವೆಗಳ ಬಂದರಿನಲ್ಲಿ ಇಳಿಯುತ್ತಿದ್ದುವು. ಇಲ್ಲಿಂದ ಅಕ್ಕಿ, ಮೆಣಸು, ಸಕ್ಕರೆಗಳು ಹೋಗುತ್ತಿದ್ದುವು. ಪರ್ಶಿಯಾದ ರಾಯಭಾರಿ ಅಬ್ದುರ್ ರಜಾಕ್ 1442ರಲ್ಲಿ ಹೊರ್ಮುಜಿನಲ್ಲಿಯೇ ಹಡಗು ಹತ್ತಿ, ಮುಂದಿನ ವರ್ಷ ವಿಜಯನಗರವನ್ನು ತಲಪಿದನು. ಆ ರಾಜ್ಯವೂ ಹೋಯಿತು. ಹೊರ್ಮುಜಿನಲ್ಲಿ ಕೋಟೆ ಕಟ್ಟಿದ ಪೋರ್ಚುಗೀಸರೂ 1622ರಲ್ಲಿ ಅಲ್ಲಿಂದ ಹೊರಬಿದ್ದರು. ದ್ವೀಪದ ಹೆಸರು ನಮ್ಮ ಗಾರೆಯವರ ಬಾಯಲ್ಲಿ ಒಂದು ಬಣ್ಣವಾಗಿ ಉಳಿಯಿತು. ಕಾಲಡಿಯಲ್ಲೆಲ್ಲ ಕೆಂಪು ಮಣ್ಣಿದ್ದ ನಾವು ಅದಕ್ಕೆ ಹೊರ್ಮುಜಿನ ಹೆಸರಿಟ್ಟೆವು. ಇಂಗ್ಲೆಂಡಿನ ಚಿತ್ರಕಾರರು ತಾವು ತರಿಸುತ್ತಿದ್ದ ಇಂಥದೇ ಬಣ್ಣಕ್ಕೆ ಇಂಡಿಯನ್ ರೆಡ್ ಎಂದು ನಮ್ಮ ಹೆಸರಿಟ್ಟರು. ನಲ್ಲ ಮಣ್ಣು ಯಾವಾಗಲೂ ಆಚೆಯ ದಡದ್ದು ಎಂದು ತೋರುತ್ತದೆ!

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಣ್ಣ ಗೋಡೆಯಿಂದ ಮಾಡಿಗೂ ಏರಿತು. ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಎಂಬ ಜರ್ಮನ್ ಪಾದ್ರಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದುವು. ಇಪ್ಪತ್ತನೆಯ ಶತಮಾನದಲ್ಲಿ ಅದು ನೆಲಕ್ಕೂ ಇಳಿಯಿತು. ಅಷ್ಟರಲ್ಲಿ ಅನ್ನಭೇದಿಯನ್ನು ಕಾಸಿ ಕಬ್ಬಿಣದ ಕೆಂಪು ಪುಡಿಯನ್ನು ಕಾರ್ಖಾನೆಯಲ್ಲೇ ತಯಾರಿಸುವುದು ರೂಢಿಯಾಗಿದ್ದಿತು. ಸಿಮೆಂಟಿಗೆ ಅಂಥ ಪುಡಿ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದ ಕಾವಿ ನೆಲ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಇದ್ದಿತು. ಬೇಸಗೆಯ ಮಧ್ಯಾಹ್ನ ಅದರ ಮೇಲೆ ಚಾಪೆಯಿಲ್ಲದೆ ಮಲಗಿದ ನೆನಪು ಈ ಲೇಖನವನ್ನು ಓದುತ್ತಿರುವ ಹಲವರಿಗೆ ಇರಬೇಕು. ಮೊಸಾಯಿಕ್ ಬಂದು ಅದನ್ನು ಹಳತಾಗಿಸಿತು. ಅನಂತರ ಬಂದ ಹೊಳೆಯುವ ಟೈಲುಗಳು ಮೊಸಾಯಿಕ್ಕನ್ನೂ ಹಳತಾಗಿಸಿದುವು.

ನೆಲ ಹೋದರೆ ಹೋಗಲಿ, ಅದನ್ನು ಮತ್ತೆ ಹಾಕಿಸಿಕೊಳ್ಳಬಹುದು. ಕಾವಿ ಕಲೆಯ ಗೋಡೆ ಹಾಗಲ್ಲ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಸಣ್ಣ ದೇವಾಲಯಕ್ಕೆ ಇಂಥ ಗೋಡೆಯನ್ನು ನೋಡಲೆಂದೇ ಹೋಗಿದ್ದೆ. ಗೋಡೆ ಇತ್ತು; ಅದರ ಮೇಲೆ ಕೆನೆಬಣ್ಣದ ಎಣ್ಣೆಪೈಂಟು ಮಿರಮಿರನೆ ಮಿಂಚುತ್ತಿತ್ತು. ಅಡಿಯಲ್ಲಿ ಒಂದು ಬಳ್ಳಿಯ ಗೀರು ಮಾತ್ರ ಬೆರಳಿಗೆ ಸಿಕ್ಕಿತು, ಕಣ್ಣಿಗಲ್ಲ. ಜೊತೆಗಿದ್ದ ವಯಸ್ಸಾದ ಮೊಕ್ತೇಸರರು ತುಂಬ ಸಂತೋಷದಿಂದ, "ಮೊದಲು ಎಲ್ಲ ಮಂಕಾಗಿತ್ತು ಮಾರಾಯರೆ, ಒಂದೆರಡು ಕಡೆ ಉದುರಲಿಕ್ಕೂ ಸುರುವಾಗಿತ್ತು. ಊರಿನವರೆಲ್ಲ ಸೇರಿ ಹಣ ಹಾಕಿ ಚೊಕ್ಕ ಮಾಡಿಸಿದೆವು," ಎಂದರು. ಅವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ದೇವರ ಮನೆ ಬಡತನದಲ್ಲಿ ಕಾಣಬಾರದೆಂಬುದೇ ಅವರ ಆಸೆ. ಎದುರು ಮಾತಾಡಲು ನನಗೂ ಬಾಯಿ ಬರಲಿಲ್ಲ.

ಆದರೆ ಆಗಬಾರದ್ದು ಎರಡು ಬಗೆಯಲ್ಲಿ ಆಗಿತ್ತು. ಚಿತ್ರ ಮರೆಯಾದದ್ದು ಒಂದು. ಗೋಡೆಯ ಉಸಿರು ಕಟ್ಟಿದ್ದು ಇನ್ನೊಂದು. ಸುಣ್ಣದ ಗಾರೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಹೊರಬಿಡುತ್ತದೆ. ಎಣ್ಣೆಪೈಂಟು, ಪ್ಲಾಸ್ಟಿಕ್ ಪೈಂಟುಗಳು ಆ ದಾರಿಯನ್ನು ಮುಚ್ಚುತ್ತವೆ; ಒಳಗೆ ಉಳಿದ ನೀರು ಗಾರೆಯನ್ನು ಉಬ್ಬಿಸಿ ಹಪ್ಪಳದಂತೆ ಎಬ್ಬಿಸುತ್ತದೆ. ಆಗ ಹಳೆಯ ಗಾರೆ ಕೆಟ್ಟಿತೆಂದು ಅದನ್ನೂ ಕೆತ್ತಿಹಾಕಿ ಸಿಮೆಂಟು ಮೆತ್ತುತ್ತಾರೆ. ಬಳಿಕ ಬಿಳಿಯ ಗೋಡೆಯ ಮೇಲೆ ಎಷ್ಟು ಅಂದವಾಗಿ ಕೆಂಪು ಚಿತ್ರ ಬರೆಯಿಸಿದರೂ ಅದು ಕಾವಿ ಕಲೆಯಾಗದು. ಹೊನ್ನಾವರದ ಕಡೆಯವರೇ ಆದ ಡಾ. ಕೃಷ್ಣಾನಂದ ಕಾಮತರು ಕರಾವಳಿಯ ಊರೂರು ಸುತ್ತಿ, ಇಂಥ ಗೋಡೆಗಳ ಛಾಯಾಚಿತ್ರ ತೆಗೆದು, ಅವುಗಳ ವಿಷಯವಾಗಿ ಪುಸ್ತಕ ಬರೆದರು. ಅವರು 2002ರಲ್ಲಿ ತೀರಿಕೊಂಡರು. ಅವರಂಥವರು ತೆಗೆದ ಚಿತ್ರಗಳಲ್ಲಿ ಮಾತ್ರ ಉಳಿದಿರುವ ಗೋಡೆಗಳೂ ಉಂಟು.

ಈಚೆಗೆ ಕೆಲವು ಕಲಾವಿದರು ಹಳೆಯ ವಿಧಾನವನ್ನು ಅಭ್ಯಾಸಮಾಡಿ ಹೊಸ ಗೋಡೆಗಳಲ್ಲಿ ಕಾವಿ ಕೆರೆಯುತ್ತಿದ್ದಾರೆ. ಹಸೆ ಚಿತ್ತಾರ ಕಾಗದಕ್ಕೂ ಬಟ್ಟೆಗೂ ಬಂದಿದೆ. ಪಟ್ಟಣದಲ್ಲಿ ಮನೆ ಕಟ್ಟಿಸುವ ಕೆಲವರು ಕಾವಿ ನೆಲ ಬೇಕೆಂದು ಕೇಳುತ್ತಿದ್ದಾರೆ; ತಿಕ್ಕಿ ಹೊಳಪು ಬರಿಸಬಲ್ಲ ಕೈ ಸಿಕ್ಕುವುದೇ ಈಗ ಕಷ್ಟ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಹೊಸದನ್ನು ಮಾಡುವುದಕ್ಕಿಂತ ಇದ್ದುದನ್ನು ಅಳಿಸದಿರುವುದು ಸುಲಭ, ಖರ್ಚೂ ಕಡಮೆ. ಮಣ್ಣು ನಮ್ಮಲ್ಲಿ ಮುಗಿದಿಲ್ಲ, ಮುಗಿಯುವಂಥದೂ ಅಲ್ಲ. ಮುಗಿಯುತ್ತಿರುವುದು ಅದನ್ನು ಸುಣ್ಣಕ್ಕೆ ಹದವಾಗಿ ಕೂಡಿಸಬಲ್ಲವರ ಸಂಖ್ಯೆ, ಅವರು ಮಾಡಿಟ್ಟ ಗೋಡೆಗಳ ಸಂಖ್ಯೆ. ಅಗ್ಗದ ಬಣ್ಣವೆಂಬ ನಾಚಿಕೆ ನಮಗೆ ಬಂದದ್ದರಿಂದಲೇ ಈ ನಷ್ಟ.

ಈ ಲೇಖನ ಓದಿದವರಲ್ಲಿ ಯಾರ ಊರಿನಲ್ಲಾದರೂ ಹಳೆಯ ದೇವಾಲಯದ ಜೀರ್ಣೋದ್ಧಾರಕ್ಕೆ ಸಭೆ ಸೇರಬಹುದು. ಪಟ್ಟಣದಲ್ಲಿರುವ ನಮಗೂ ಕಾಣಿಕೆಯ ಕಾಗದ ಬರಬಹುದು. ಹಣ ಕಳಿಸುವಾಗ ಜೊತೆಗೆ ಒಂದು ಸಾಲು ಬರೆದು ಕೇಳೋಣ: ಪೈಂಟಿನ ಡಬ್ಬಿ ತೆರೆಯುವ ಮೊದಲು ಗೋಡೆಯನ್ನು ಒಮ್ಮೆ ಒರಸಿ ನೋಡಿದಿರಾ?